ನಾಲೆಯ ಸೀಮೆಯಲ್ಲಿ ವಸಂತದ ಗೆಡ್ಡೆಹೂಗಳು

ಹೂಗಿಡಗಳಲ್ಲಿ ಬೀಜ ಬಿತ್ತಿದರೆ ಮೊಳೆಯುವಂಥವು ಮತ್ತು ಕಡ್ಡಿ ನೆಟ್ಟರೆ ಚಿಗುರುವಂಥವು ಎಲ್ಲರಿಗೂ ಪರಿಚಿತ. ಇವುಗಳ ಜೊತೆಗೆ, ನೆಲದೊಳಗಿನ ಗೆಡ್ಡೆಯಲ್ಲಿ ಆಹಾರವನ್ನು ಕೂಡಿಟ್ಟುಕೊಂಡು, ತಮಗೆ ಒಗ್ಗದ ಕಾಲವನ್ನು ನೆಲದಡಿಯಲ್ಲೇ ಕಳೆದು, ಅನುಕೂಲದ ದಿನ ಬಂದೊಡನೆ ಹೂವನ್ನು ಮೇಲಕ್ಕೆ ಎತ್ತುವ ಇನ್ನೊಂದು ವರ್ಗವಿದೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಯುಗಾದಿಯ ಹಿಂದುಮುಂದಿನಿಂದ ರೋಹಿಣಿ ಮಳೆಯವರೆಗಿನ ಅವಧಿಯಲ್ಲಿ, ಬಿಸಿಲಿಗೆ ಸೇವಂತಿಗೆ, ಚೆಂಡುಹೂಗಳು ಸೊರಗಿ ಅಂಗಳ ಬರಿದಾಗುವ ಹೊತ್ತಿನಲ್ಲಿ, ಮನೆಯ ಮುಂದೆ ಬಣ್ಣವನ್ನು ಉಳಿಸುವ ಶಕ್ತಿ ಈ ವರ್ಗದ ಗಿಡಗಳಿಗೆ ಇದೆ. ಆದರೆ ಅವುಗಳ ಆಯ್ಕೆಯೂ ನಾಟಿಯೂ ಈ ಸೀಮೆಯ ಹವೆ ಮತ್ತು ಮಣ್ಣನ್ನು ಅನುಸರಿಸಿ ನಡೆಯಬೇಕಾಗುತ್ತದೆ.

ವಸಂತದ ಗೆಡ್ಡೆಹೂ ಎಂದೊಡನೆ ಬಹುಪಾಲು ಓದುಗರ ಕಣ್ಣಮುಂದೆ ಬರುವುದು ಟ್ಯೂಲಿಪ್. ಶ್ರೀನಗರದ ಜಬರ್ವಾನ್ ಬೆಟ್ಟದ ಬುಡದಲ್ಲಿರುವ ಟ್ಯೂಲಿಪ್ ತೋಟದ ಚಿತ್ರಗಳನ್ನು ನೋಡಿ, ಅಂಚೆಯಲ್ಲಿ ಗೆಡ್ಡೆ ತರಿಸಿ ಕುಂಡದಲ್ಲಿ ನೆಡುವವರು ನಮ್ಮ ಊರುಗಳಲ್ಲೂ ಇದ್ದಾರೆ. ಟ್ಯೂಲಿಪ್ ಗೆಡ್ಡೆಯೊಳಗಿನ ಹೂಮೊಗ್ಗು ಉದ್ದವಾದ ಕಾಂಡದೊಡನೆ ಹೊರಬರಬೇಕಾದರೆ ಅದಕ್ಕೆ ಸುಮಾರು 12ರಿಂದ 16 ವಾರಗಳ ಕಾಲ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ದೊರೆಯಬೇಕು. ಮಂಡ್ಯದಲ್ಲಿ ಪುಷ್ಯ ಮಾಸದ ರಾತ್ರಿಯ ಉಷ್ಣತೆಯೇ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ರೆಫ್ರಿಜರೇಟರಿನಲ್ಲಿ ಇಟ್ಟು ತಂಪು ಉಣಿಸಿದ ಗೆಡ್ಡೆ ಒಂದು ಸಲ ಹೂ ಬಿಟ್ಟರೂ, ನಮ್ಮ ಮಾರ್ಚ್ ತಿಂಗಳ ಬಿಸಿಲಿಗೆ ಎಲೆ ಬೇಗನೆ ಒಣಗಿಹೋಗುವುದರಿಂದ ಮುಂದಿನ ವರ್ಷಕ್ಕೆ ಬೇಕಾದ ಆಹಾರ ಗೆಡ್ಡೆಯಲ್ಲಿ ಸೇರುವುದಿಲ್ಲ. ಡ್ಯಾಫೊಡಿಲ್, ಹಯಸಿಂತ್‌ಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಈ ಮೂರನ್ನೂ ಮಂಡ್ಯದ ಕೈತೋಟದ ಪಟ್ಟಿಯಿಂದ ಬಿಟ್ಟುಬಿಡುವುದೇ ಸರಿ.

ಚಳಿಗೆ ಮಲಗಿ ಬೆಚ್ಚನೆಯ ಹವೆಗೆ ಏಳುವುದು ಶೀತದೇಶದ ಗೆಡ್ಡೆಗಳ ಕ್ರಮವಾದರೆ, ಒಣಹವೆಗೆ ಮಲಗಿ ಬಿಸಿಲಿಗೂ ಮೊದಲ ಮಳೆಗೂ ಏಳುವುದು ಉಷ್ಣದೇಶದ ಗೆಡ್ಡೆಗಳ ಕ್ರಮ. ಮಂಡ್ಯ ಜಿಲ್ಲೆಯಲ್ಲಿ ಹಿಂಗಾರು ಮುಗಿದ ಬಳಿಕ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಳೆ ಅತಿ ಕಡಿಮೆ. ಏಪ್ರಿಲ್ ನಡುವಿನ ಅಶ್ವಿನಿ, ಅದರ ಹಿಂದೆಯೇ ಬರುವ ಭರಣಿ, ಕೃತ್ತಿಕೆ ಮಳೆಗಳು ನೆಲವನ್ನು ಮೊದಲು ತೋಯಿಸುತ್ತವೆ. ದಕ್ಷಿಣ ಅಮೆರಿಕ, ಮೆಕ್ಸಿಕೊ ಹಾಗೂ ಆಫ್ರಿಕದ ಇಂಥದೇ ಹವೆಯಲ್ಲಿ ಹುಟ್ಟಿದ ಹಲವು ಗೆಡ್ಡೆಗಿಡಗಳಿಗೆ ಈ ಕ್ರಮ ತವರಿನಷ್ಟೇ ಹೊಂದುತ್ತದೆ.

ಇವುಗಳಲ್ಲಿ ಎಲ್ಲಕ್ಕಿಂತ ಮೊದಲು ಅರಳುವುದು ಅಂಗಡಿಗಳಲ್ಲಿ ಅಮರಿಲ್ಲಿಸ್ ಎಂದೂ ಮನೆಗಳಲ್ಲಿ ಬರಿದೇ ಲಿಲ್ಲಿ ಎಂದೂ ಕರೆಯುವ, ಸಸ್ಯಶಾಸ್ತ್ರದಲ್ಲಿ ಹಿಪ್ಪಿಯಾಸ್ಟ್ರಮ್ ಎನಿಸಿಕೊಂಡ ಗಿಡ. ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಒಳಗೆ ಟೊಳ್ಳಾದ, ಮೊಣಕೈಯುದ್ದದ ದಂಡೊಂದು ನೇರವಾಗಿ ಮೇಲೆದ್ದು, ಅದರ ತುದಿಯಲ್ಲಿ ಎರಡರಿಂದ ನಾಲ್ಕು ದೊಡ್ಡ ಹೂಗಳು ನಾಲ್ಕು ದಿಕ್ಕಿಗೆ ಮುಖಮಾಡಿ ನಿಲ್ಲುತ್ತವೆ. ಇದರ ಗೆಡ್ಡೆ ಈರುಳ್ಳಿಯ ಬಗೆಯದು; ಅಂದರೆ ಎಲೆಗಳ ಬುಡವೇ ದಪ್ಪಗಾಗಿ ಪದರಪದರವಾಗಿ ಸುತ್ತಿಕೊಂಡು, ಕೆಳಗೆ ಬೇರು ಹೊರಡುವ ಗಟ್ಟಿಯಾದ ಬುಡದ ತಟ್ಟೆಯ ಮೇಲೆ ಕೂತಿರುತ್ತದೆ. ಅಂಥ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿದರೆ ನಾಲ್ಕು ಎಲೆಗಳ ಬುಡ ಕಳೆದ ಮೇಲೆ ಒಂದು ಮೊಗ್ಗು, ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಗ್ಗು, ಹೀಗೆ ಕ್ರಮವಾಗಿ ಹೊರಗಿನಿಂದ ಒಳಗಿನವರೆಗೆ ಜೋಡಣೆಯಾಗಿರುವುದು ಕಾಣುತ್ತದೆ. ಈ ಯುಗಾದಿಗೆ ಅರಳುವ ಹೂವಿನ ಮೊಗ್ಗು ಹೆಚ್ಚುಕಡಿಮೆ ಹಿಂದಿನ ಯುಗಾದಿಯ ಹೊತ್ತಿಗೇ ಗೆಡ್ಡೆಯೊಳಗೆ ರೂಪುಗೊಂಡಿರುತ್ತದೆ. ಹೂ ಮುಗಿದೊಡನೆ ಚೊಕ್ಕಟದ ನೆಪದಲ್ಲಿ ಎಲೆಗಳನ್ನೂ ಕತ್ತರಿಸಿಹಾಕುವ ಮನೆಗಳಲ್ಲಿ ಗಿಡ ವರ್ಷಗಟ್ಟಲೆ ಹೂ ಬಿಡದೆ ಬರೀ ಸೊಪ್ಪಾಗಿ ಉಳಿಯುವುದಕ್ಕೆ ಕಾರಣ ಇಲ್ಲಿದೆ: ಎಲೆ ಎಷ್ಟು ಬೆಳೆದರೆ ಮುಂದಿನ ಮೊಗ್ಗುಗಳ ಎಣಿಕೆಯೂ ಅಷ್ಟೇ ಹೆಚ್ಚುತ್ತದೆ. ಬಾಡಿದ ಹೂದಂಡನ್ನು ಮಾತ್ರ ಬುಡದಲ್ಲಿ ಕತ್ತರಿಸಿ, ಎಲೆಗಳಿಗೆ ಮಳೆಗಾಲವಿಡೀ ಬೆಳೆಯುವ ಅವಕಾಶ ಕೊಟ್ಟು, ನವೆಂಬರ್ ನಡುವಿನಿಂದ ನೀರನ್ನು ನಿಲ್ಲಿಸಿ ಎರಡು ತಿಂಗಳು ಒಣಗಲು ಬಿಟ್ಟು, ಸಂಕ್ರಾಂತಿ ಕಳೆದ ಮೇಲೆ ಮತ್ತೆ ನೀರು ಹನಿಸಿದರೆ 6ರಿಂದ 8 ವಾರಗಳಲ್ಲಿ ದಂಡು ತಲೆಯೆತ್ತುತ್ತದೆ. ನೆಡುವಾಗ ಗೆಡ್ಡೆಯ ಮೇಲಿನ ಮೂರನೆಯ ಒಂದು ಭಾಗವಾದರೂ ಮಣ್ಣಿನಿಂದ ಹೊರಗೆ ಇರಬೇಕು. ಪೂರ್ತಿ ಹೂತ ಗೆಡ್ಡೆಯ ಕುತ್ತಿಗೆಯಲ್ಲಿ ನೀರು ನಿಂತು ಕೊಳೆ ಹಿಡಿಯುತ್ತದೆ.

ಅದರ ಬೆನ್ನಿಗೆ ಬರುವುದು ಮಳೆ ಲಿಲ್ಲಿ, ಅಂದರೆ ಜೆಫಿರ್ಯಾಂಥಿಸ್. ಹುಲ್ಲಿನಂಥ ಸಣ್ಣ ಎಲೆಯ ಈ ಗಿಡ ಬಿಸಿಲಲ್ಲಿ ಒಣಗಿ ನಿಂತು, ಅಶ್ವಿನಿಯೋ ಭರಣಿಯೋ ಒಂದು ಹದವಾದ ಮಳೆ ಸುರಿದ ಕೆಲವೇ ದಿನಗಳಲ್ಲಿ ಗುಲಾಬಿ ಅಥವಾ ಹಳದಿ ಬಣ್ಣದ ಹೂಗಳನ್ನು ಒಟ್ಟಿಗೆ ಅರಳಿಸುತ್ತದೆ. ಹೂ ಉಳಿಯುವುದು ಒಂದೆರಡು ದಿನ ಮಾತ್ರ. ಬಿಳಿಯ ಬಗೆ ಮಾತ್ರ ಮಳೆಗಾಲದ ಕೊನೆಯಲ್ಲಿ ಹೆಚ್ಚು ಅರಳುತ್ತದೆ. ಗೋಲಿಗಾತ್ರದ ಗೆಡ್ಡೆಗಳನ್ನು ಒಂದೊಂದಾಗಿ ನೆಟ್ಟರೆ ಹೂ ಕಣ್ಣಿಗೆ ತುಂಬುವುದಿಲ್ಲ. ದಾರಿಯ ಅಂಚಿಗೆ 5 ಸೆಂಟಿಮೀಟರ್ ಅಂತರದಲ್ಲಿ, 3 ಸೆಂಟಿಮೀಟರ್ ಆಳದಲ್ಲಿ ಸಾಲುಹಿಡಿದು ನೆಡುವುದು ಲೇಸು.

ಮದ್ದೂರಿನ ಸುತ್ತ ಎಳನೀರಿಗಾಗಿ ತೆಂಗು ಬೆಳೆಸಿದ ಹಿತ್ತಲುಗಳು ಬಹಳ. ಅಲ್ಲಿನ ಅರೆನೆರಳಿಗೆ ಹೇಳಿ ಮಾಡಿಸಿದ ಹೂವೆಂದರೆ ಆಫ್ರಿಕ ಮೂಲದ ಫುಟ್‌ಬಾಲ್ ಲಿಲ್ಲಿ. ಮೇ ತಿಂಗಳಲ್ಲಿ ಅರಳುವುದರಿಂದ ಮೇ ಫ್ಲವರ್ ಎಂದೂ ಇದನ್ನು ಕರೆಯುವುದುಂಟು. ನೂರಾರು ಸಣ್ಣ ಕೆಂಪು ಹೂಗಳು ಒಂದೇ ದಂಡಿನ ತುದಿಯಲ್ಲಿ ಉಂಡೆಯಾಗಿ ಅರಳುವ ಇದು ಒಂದು ವಾರಕ್ಕೂ ಹೆಚ್ಚು ಕಾಲ ಬಾಡದೆ ನಿಲ್ಲುತ್ತದೆ. ಚಳಿಗಾಲದಲ್ಲಿ ನೆಲದ ಮೇಲೆ ಇದರ ಸುಳಿವೇ ಇರುವುದಿಲ್ಲವಾದ್ದರಿಂದ, ಪಾತಿ ಅಗೆಯುವಾಗ ಗುದ್ದಲಿಯ ಪೆಟ್ಟು ಬೀಳದಂತೆ ಗೆಡ್ಡೆಯಿರುವಲ್ಲಿ ಒಂದು ಗೂಟ ನೆಟ್ಟು ಗುರುತಿಡುವುದು ಒಳ್ಳೆಯದು.

ಆದರೆ ಈ ಸೀಮೆಯ ಗೆಡ್ಡೆಹೂಗಳಲ್ಲಿ ಮೊದಲ ಸ್ಥಾನ ಸಲ್ಲಬೇಕಾದದ್ದು ಸುಗಂಧರಾಜಕ್ಕೆ. ಮೆಕ್ಸಿಕೊದಿಂದ ಬಂದ ಈ ಗಿಡವನ್ನು ಮೈಸೂರು, ಮಂಡ್ಯ ಭಾಗದ ರೈತರು ಹೊಲದಲ್ಲಿ ಬೆಳೆದು ಹಾರಕ್ಕೂ ಮಂಟಪದ ಅಲಂಕಾರಕ್ಕೂ ಕಳುಹಿಸುತ್ತಾರೆ. ಹೀಗಾಗಿ ಉತ್ತಮ ಗೆಡ್ಡೆಗಾಗಿ ದೂರದ ಊರಿಗೆ ಹೋಗಬೇಕಾದ ಅಗತ್ಯವಿಲ್ಲ. ದಳಗಳು ಒಂದೇ ಸುತ್ತು ಇರುವ ಬಗೆಯಲ್ಲಿ ಪರಿಮಳ ಹೆಚ್ಚು. ಹಲವು ಸುತ್ತಿನ ಬಗೆಯ ಕಡ್ಡಿ ಹೂದಾನಿಗೆ ಚೆಂದ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಒಂದು ಸುತ್ತಿನಲ್ಲಿ ಶೃಂಗಾರ್, ಪ್ರಜ್ವಲ್ ಎಂಬ ತಳಿಗಳನ್ನೂ, ಹಲವು ಸುತ್ತಿನಲ್ಲಿ ಸುವಾಸಿನಿ, ವೈಭವ್ ಎಂಬ ತಳಿಗಳನ್ನೂ ಹೊರತಂದಿದೆ. ಪ್ರಜ್ವಲ್ ತಳಿಯ ಮೊಗ್ಗಿನಲ್ಲಿ ಎಳೆಗುಲಾಬಿ ಛಾಯೆಯಿದ್ದು, ಅರಳಿದಾಗ ಹೂ ಬಿಳಿಯಾಗುತ್ತದೆ. ಅಂಗಳದ ಸಂಜೆಗಳಿಗೆ ಪರಿಮಳ ಬೇಕೆನ್ನುವವರು ಒಂದು ಸುತ್ತಿನ ತಳಿಯನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಸುಗಂಧರಾಜದ ವಾಸನೆ ಹೊತ್ತು ಮುಳುಗಿದ ಮೇಲೆಯೇ ಪೂರ್ಣವಾಗಿ ಹರಡುವುದು.

ನೆಡಲು 2ರಿಂದ 3 ಸೆಂಟಿಮೀಟರ್ ದಪ್ಪದ, ಬುಡದ ತಟ್ಟೆ ಮೆತ್ತಗಾಗದ ಗೆಡ್ಡೆ ಬೇಕು. ಅದಕ್ಕಿಂತ ಸಣ್ಣವು ಮೊದಲ ವರ್ಷ ಎಲೆಯನ್ನಷ್ಟೇ ಬಿಡುತ್ತವೆ. ಆಗತಾನೆ ಕಿತ್ತ ಗೆಡ್ಡೆಗೆ ಸುಪ್ತಾವಸ್ಥೆ ಇರುತ್ತದೆ, ಅಂದರೆ ನೀರೂ ಬಿಸಿಲೂ ಇದ್ದರೂ ಅದು ಕೆಲವು ವಾರ ಚಿಗುರುವುದಿಲ್ಲ. ಆದ್ದರಿಂದ ಕಿತ್ತ ಗೆಡ್ಡೆಯನ್ನು ನೆರಳಲ್ಲಿ ಹರಡಿ ಒಂದು ತಿಂಗಳು ಕಳೆದ ಬಳಿಕ ನೆಡುವುದು ವಾಡಿಕೆ. 5 ಸೆಂಟಿಮೀಟರ್ ಆಳದಲ್ಲಿ, ಗೆಡ್ಡೆಯಿಂದ ಗೆಡ್ಡೆಗೆ ಒಂದು ಗೇಣು ಬಿಟ್ಟು ಫೆಬ್ರವರಿಯ ನಡುವಿಗೆ ನೆಟ್ಟರೆ 80ರಿಂದ 100 ದಿನಗಳಲ್ಲಿ ಮೊದಲ ಕಡ್ಡಿ ಬರುತ್ತದೆ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡದು. ಅದರ ಪಕ್ಕದಲ್ಲಿ ಹುಟ್ಟುವ ಮರಿಗೆಡ್ಡೆಗಳು ಆ ಕೆಲಸವನ್ನು ಮುಂದುವರಿಸುತ್ತವೆ. ಮಂಡ್ಯದವರಿಗೆ ಕಬ್ಬಿನ ಕೂಳೆ ಬೆಳೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ: ನೆಟ್ಟ ಬುಡದಿಂದಲೇ ಎರಡು–ಮೂರು ವರ್ಷ ಫಸಲು ಪಡೆದು, ಬುಡ ಒತ್ತಾಗಿ ಕಡ್ಡಿ ಸಣ್ಣದಾದಾಗ ಎಲ್ಲವನ್ನೂ ಕಿತ್ತು, ದಪ್ಪವನ್ನು ಆರಿಸಿ ಬೇರೆ ಜಾಗದಲ್ಲಿ ನೆಡಬೇಕು. ಬೇರೆ ಜಾಗ ಎನ್ನುವುದಕ್ಕೆ ಕಾರಣವುಂಟು. ಬೇರುಗಂಟು ಜಂತುಹುಳು ಎಂಬ, ಕಣ್ಣಿಗೆ ಕಾಣದ ಜೀವಿ ಸುಗಂಧರಾಜದ ಬೇರಿನಲ್ಲಿ ಗಂಟುಗಳನ್ನು ಎಬ್ಬಿಸಿ ಗಿಡವನ್ನು ಸೊರಗಿಸುತ್ತದೆ. ಟೊಮೆಟೊ, ಬದನೆಗೂ ಬರುವ ಈ ಹುಳು ಅವುಗಳನ್ನು ಬೆಳೆದ ಪಾತಿಯಲ್ಲಿ ಉಳಿದಿರುತ್ತದೆ. ಆ ಪಾತಿಗಳನ್ನು ತಪ್ಪಿಸಿ, ನೆಡುವ ಮೊದಲು ಮಣ್ಣಿಗೆ ಬೇವಿನ ಹಿಂಡಿ ಬೆರೆಸುವುದರಿಂದ ತೊಂದರೆ ಬಹಳಮಟ್ಟಿಗೆ ತಗ್ಗುತ್ತದೆ.

ಗ್ಲಾಡಿಯೋಲಸ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಇದರದು ಪದರವಿಲ್ಲದೆ ಒಳಗೆಲ್ಲ ಗಟ್ಟಿಯಾಗಿರುವ, ಕಂದ ಎನ್ನಿಸಿಕೊಳ್ಳುವ ಬಗೆಯ ಗೆಡ್ಡೆ. ಅಕ್ಟೋಬರ್–ನವೆಂಬರಿನಲ್ಲಿ ನೆಟ್ಟರೆ ಚಳಿಗಾಲ ಮುಗಿಯುವ ಮೊದಲು ಹೂ ಬರುತ್ತದೆ. ಏಪ್ರಿಲ್ ಬಿಸಿಲಿಗೆ ಸಿಕ್ಕಿದ ತೆನೆಯ ಮೊಗ್ಗುಗಳು ಅರಳದೆ ಸುಡುವುದರಿಂದ ವಸಂತಕ್ಕೆಂದು ತಡಮಾಡಿ ನೆಡುವುದು ವ್ಯರ್ಥ.

ಆಯ್ಕೆ ಸರಿಯಾದ ಮೇಲೂ ಗೆಡ್ಡೆಯನ್ನು ಕೊಲ್ಲುವುದು ಈ ಸೀಮೆಯಲ್ಲಿ ಹೆಚ್ಚಾಗಿ ನೀರು. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಬಯಲಿಗೆ ಭತ್ತವನ್ನೂ ಕಬ್ಬನ್ನೂ ತಂದುಕೊಟ್ಟಿದೆ. ಆದರೆ ಗದ್ದೆಗೆ ಅಂಟಿಕೊಂಡ ಮನೆಗಳ ಹಿತ್ತಲಲ್ಲಿ ನಾಲೆ ಹರಿಯುವ ತಿಂಗಳುಗಳಲ್ಲಿ ನೆಲ ಒಳಗಿನಿಂದಲೇ ಜವುಗಾಗುತ್ತದೆ, ಕೆಲವೆಡೆ ಮಣ್ಣು ಚೌಳಾಗಿ ಮೇಲೆ ಬಿಳಿಯ ಉಪ್ಪು ಕಟ್ಟುತ್ತದೆ. ವಿಶ್ರಾಂತಿಯಲ್ಲಿರುವ ಗೆಡ್ಡೆಗೆ ಉಸಿರಾಟ ನಿಂತಿರುವುದಿಲ್ಲ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಿಲ್ಲದೆ ಅದರ ಬುಡದ ತಟ್ಟೆ ಮೊದಲು ಕಂದಾಗಿ, ಬಳಿಕ ಶಿಲೀಂಧ್ರ ಹತ್ತಿ ನಾರುತ್ತದೆ. ಮಳವಳ್ಳಿ ಕಡೆಯ ಬೆದ್ದಲಿನ ಕೆಮ್ಮಣ್ಣಿನಲ್ಲಿ ನೀರು ಸಲೀಸಾಗಿ ಬಸಿದುಹೋಗುವುದರಿಂದ ಅಲ್ಲಿನವರಿಗೆ ಈ ಕಷ್ಟ ಕಡಿಮೆ. ನಾಲೆ ಬಯಲಿನವರು ನೆಲದ ಮಟ್ಟದಿಂದ ಒಂದು ಗೇಣಾದರೂ ಎತ್ತರಿಸಿದ ಏರುಮಡಿಯನ್ನು ಕಟ್ಟಿ, ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ದಪ್ಪ ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿಕೊಳ್ಳಬೇಕು. ಹಸಿ ಗೊಬ್ಬರ ಗೆಡ್ಡೆಗೆ ತಾಗಿದರೆ ಕೊಳೆ ಖಂಡಿತ. ಬೇಸಗೆಯಲ್ಲಿ ಮಡಿಯ ಮೇಲೆ ತೆಳ್ಳಗೆ ಕಬ್ಬಿನ ತರಗು ಹಾಸಿದರೆ ಮಣ್ಣು ಕಾಯುವುದಿಲ್ಲ; ಮಳೆ ಹಿಡಿದ ಮೇಲೆ ಅದನ್ನು ಗೆಡ್ಡೆಯ ಕುತ್ತಿಗೆಯಿಂದ ಸರಿಸಿಡಬೇಕು. ಕುಂಡದಲ್ಲಿ ಬೆಳೆಯುವವರಿಗೆ ಇನ್ನೂ ಒಂದು ಅನುಕೂಲವಿದೆ, ಚಳಿಗಾಲದಲ್ಲಿ ಕುಂಡವನ್ನೇ ಓರೆಯಾಗಿ ಮಲಗಿಸಿ ಸೂರಿನಡಿಗೆ ಇಟ್ಟರೆ ವಿಶ್ರಾಂತಿ ತಾನಾಗಿಯೇ ದೊರೆಯುತ್ತದೆ.

ಮಳೆಗಾಲದಲ್ಲಿ ಲಿಲ್ಲಿ ಜಾತಿಯ ಎಲೆಗಳ ಮೇಲೆ ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಗಳಿರುವ ಕಂಬಳಿಹುಳುಗಳು ಗುಂಪಾಗಿ ಕಾಣಿಸಿಕೊಳ್ಳುತ್ತವೆ. ಇವು ಲಿಲ್ಲಿ ಪತಂಗದ ಮರಿಗಳು. ಎರಡೇ ದಿನದಲ್ಲಿ ಗಿಡವನ್ನು ಬುಡದವರೆಗೆ ತಿಂದುಹಾಕುವ ಶಕ್ತಿ ಇವಕ್ಕಿರುವುದರಿಂದ, ಬೆಳಗ್ಗೆ ಎಲೆಯ ಅಡಿಭಾಗವನ್ನು ನೋಡಿ ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕುವುದು ಮನೆತೋಟಕ್ಕೆ ಸಾಕಾಗುವ ಉಪಾಯ. ಬೇಲಿಗಳಲ್ಲಿ ತಾನಾಗಿ ಹಬ್ಬುವ ಅಗ್ನಿಶಿಖೆಯನ್ನೂ ಇದೇ ಹುಳು ತಿನ್ನುತ್ತದೆ. ಗೌರಿ ಹಬ್ಬದ ಹೊತ್ತಿಗೆ ಕೆಂಪು–ಹಳದಿಯಾಗಿ ಅರಳುವ ಅಗ್ನಿಶಿಖೆ ಎಷ್ಟೇ ಸುಂದರವಾದರೂ ಅದರ ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ಪ್ರಾಣಾಂತಕ ವಿಷವಿದೆ. ಮಕ್ಕಳಿರುವ ಮನೆಯಂಗಳದಲ್ಲಿ ಅದನ್ನು ನೆಡಲೇಬಾರದು. ಅಮರಿಲ್ಲಿಸ್, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿಗಳ ಗೆಡ್ಡೆಯಲ್ಲಿಯೂ ವಾಂತಿ, ಭೇದಿ ತರುವ ಲೈಕೋರಿನ್ ಎಂಬ ಅಂಶವಿರುವುದರಿಂದ, ಒಣಗಿಸಲಿಟ್ಟ ಗೆಡ್ಡೆಗಳನ್ನು ಅಡುಗೆಮನೆಯ ಈರುಳ್ಳಿಯ ಬುಟ್ಟಿಯ ಹತ್ತಿರ ಸುಳಿಯಗೊಡದೆ ಹೆಸರು ಬರೆದ ಚೀಲದಲ್ಲಿ ಬೇರೆಯಾಗಿ ಇಡಬೇಕು. ದನಕರುಗಳ ಬಾಯಿಗೆ ಸಿಗುವಲ್ಲಿ ಎಸೆಯಲೂಬಾರದು.

ಹೊಸದಾಗಿ ಆರಂಭಿಸುವವರು ಬಣ್ಣದ ಚಿತ್ರ ನೋಡಿ ದುಬಾರಿ ಗೆಡ್ಡೆ ಕೊಳ್ಳುವುದಕ್ಕೆ ಮೊದಲು ತಮ್ಮ ಬೀದಿಯಲ್ಲೇ ಒಮ್ಮೆ ವಿಚಾರಿಸಬೇಕು. ಇಲ್ಲಿ ಹೇಳಿದ ಗಿಡಗಳೆಲ್ಲ ಮರಿ ಹಾಕಿ ಬೆಳೆಯುವಂಥವು; ಹಳೆಯ ಮನೆಗಳ ಹಿತ್ತಲಲ್ಲಿ ಒತ್ತಾಗಿ ಹೂ ನಿಂತುಹೋದ ಲಿಲ್ಲಿಯ ಬುಡವೊಂದನ್ನು ಚಳಿಗಾಲದಲ್ಲಿ ಅಗೆದು ಬಿಡಿಸಿದರೆ ಕೊಟ್ಟವರ ಗಿಡವೂ ಚೇತರಿಸಿಕೊಳ್ಳುತ್ತದೆ, ಪಡೆದವರಿಗೂ ಈ ನೀರು, ಈ ಮಣ್ಣಿಗೆ ಒಗ್ಗಿದ ಗೆಡ್ಡೆ ಸಿಗುತ್ತದೆ. ಸುಗಂಧರಾಜಕ್ಕಾದರೆ ಹೊಲ ಬದಲಿಸುವ ರೈತರನ್ನು ಜನವರಿಯಲ್ಲೇ ಕಂಡು ಹೇಳಿಟ್ಟಿರಬೇಕು. ಕಿತ್ತ ಗೆಡ್ಡೆ ತಿಂಗಳು ಒಣಗಿ ನಾಟಿಗೆ ಸಿದ್ಧವಾಗುವಷ್ಟರಲ್ಲಿ ಏರುಮಡಿಯೂ ಕಟ್ಟಿ ಮುಗಿದಿರಲಿ.