ಹರಾಜಿನಲ್ಲಿ ಬಿಕರಿಯಾಗದವರು

ಐಪಿಎಲ್ ಹರಾಜಿನ ದಿನ ಯಲಹಂಕದಿಂದ ಯಶವಂತಪುರದವರೆಗೆ ಆರ್‌ಸಿಬಿ ಅಭಿಮಾನಿಗಳ ಕಣ್ಣೆಲ್ಲ ಕೋಟಿಗಳ ಮೇಲೆ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಮೆಗಾ ಹರಾಜು ನಡೆದಾಗ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದರು. ನಮ್ಮ ಹುಡುಗನನ್ನು ಬಿಟ್ಟುಕೊಟ್ಟರಲ್ಲ ಎಂದು ಬೈದವರಿಗೆ ಲೆಕ್ಕವಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಮಣಿಸಿ ಆರ್‌ಸಿಬಿ ಮೊದಲ ಕಪ್ ಎತ್ತಿತು. ಎತ್ತಿದ ನಾಯಕ ರಜತ್ ಪಾಟೀದಾರ್, 2022ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದವರು. ತಂಡದ ಭವಿಷ್ಯ ತಿಳಿಯಬೇಕಾದರೆ ದುಬಾರಿ ಹೆಸರುಗಳಿಗಿಂತ ಇಂಥ ಬಿಕರಿಯಾಗದವರ ಪಟ್ಟಿಯನ್ನೇ ಹೆಚ್ಚು ಗಮನವಿಟ್ಟು ನೋಡಬೇಕು ಎಂಬುದು ನನ್ನ ವಾದ.

ಆಟಗಾರ ಗಾಯಗೊಂಡರೆ ಅವನ ಜಾಗಕ್ಕೆ, ಅವನ ಸಂಬಳ ಮೀರದಂತೆ, ತಂಡ ಬದಲಿ ಆಟಗಾರನನ್ನು ತರಬಹುದು. ಆರ್‌ಸಿಬಿಯ ಇತಿಹಾಸದ ದೊಡ್ಡ ತಿರುವುಗಳು ಈ ಹಿಂಬಾಗಿಲಿನಿಂದಲೇ ಬಂದಿವೆ. 2011ರಲ್ಲಿ ಯಾರೂ ಕೊಳ್ಳದ ಕ್ರಿಸ್ ಗೇಲ್, ಗಾಯಾಳು ಡರ್ಕ್ ನ್ಯಾನಸ್ ಬದಲಿಗೆ ಬಂದು 608 ರನ್ ಹೊಡೆದರು. ತಂಡ ಫೈನಲ್ ತಲುಪಿತು. 2022ರಲ್ಲಿ ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡಾಗ 20 ಲಕ್ಷಕ್ಕೆ ಬಂದ ಪಾಟೀದಾರ್, ಎಲಿಮಿನೇಟರ್‌ನಲ್ಲಿ ಲಖನೌ ಎದುರು ಔಟಾಗದೆ 112 ಬಾರಿಸಿದರು. ಮರುವರ್ಷ ಪಾಟೀದಾರರೇ ಗಾಯಗೊಂಡಾಗ ಬೆಂಗಳೂರಿನ ವೈಶಾಖ್ ವಿಜಯಕುಮಾರ್ ಬಂದು ಮೊದಲ ಪಂದ್ಯದಲ್ಲೇ 3 ವಿಕೆಟ್ ಕಿತ್ತರು. ದೇವದತ್ತ ಪಡಿಕ್ಕಲ್ ಕಥೆ ಇನ್ನೂ ಸೊಗಸು. 2020ರಲ್ಲಿ 473 ರನ್ ಹೊಡೆದ ಅವರನ್ನು 2022ರ ಹರಾಜಿನಲ್ಲಿ ರಾಜಸ್ಥಾನ 7.75 ಕೋಟಿಗೆ ಕೊಂಡಿತು; 2023ರ ಟ್ರೇಡ್‌ನಲ್ಲಿ ಆವೇಶ್ ಖಾನ್ ಜೊತೆ ಅದಲುಬದಲಾಗಿ ಲಖನೌಗೆ ಹೋದರು; ಜೆಡ್ಡಾದಲ್ಲಿ ಮೂಲಬೆಲೆ 2 ಕೋಟಿಗೇ ಆರ್‌ಸಿಬಿಗೆ ಮರಳಿದರು. ಅವರು ಗಾಯಗೊಂಡಾಗ ಬಂದವರು, ಅದೇ ಹರಾಜಿನಲ್ಲಿ ಬಿಕರಿಯಾಗದ ಮಯಾಂಕ್ ಅಗರ್‌ವಾಲ್. ಫೈನಲ್‌ನಲ್ಲಿ ಅವರದು 24 ರನ್.

ಗೆದ್ದವರ ಹೆಸರನ್ನಷ್ಟೇ ಆಯ್ದರೆ ಯಾವ ವಾದವೂ ನಿಲ್ಲುತ್ತದೆ, ಮರೆಯಾದ ಬದಲಿ ಆಟಗಾರರೆಷ್ಟೋ ಎನ್ನಬಹುದು. ನಿಜ. ಹಣವೂ ಕೆಲಸ ಮಾಡುತ್ತದೆ: 12.5 ಕೋಟಿಯ ಹೇಝಲ್‌ವುಡ್ 2025ರಲ್ಲಿ 22 ವಿಕೆಟ್ ಪಡೆಯದಿದ್ದರೆ ಕಪ್ ದೂರದ ಮಾತು. ಆದರೆ 2014ರಲ್ಲಿ ಯುವರಾಜ್‌ಗೆ 14 ಕೋಟಿ ಕೊಟ್ಟು ಒಂದೇ ವರ್ಷಕ್ಕೆ ಬಿಟ್ಟದ್ದು, 2021ರಲ್ಲಿ ಜೇಮಿಸನ್‌ಗೆ 15 ಕೋಟಿ ಸುರಿದದ್ದು ಇದೇ ತಂಡ. (ಆ ಜೇಮಿಸನ್ 2025ರ ಫೈನಲ್‌ನಲ್ಲಿ ಪಂಜಾಬ್ ಪರ ನಮ್ಮದೇ 3 ವಿಕೆಟ್ ಕಿತ್ತರು!) ದುಬಾರಿ ಎಡವಟ್ಟು ಹರಾಜಿನ ಹಣವನ್ನೇ ನುಂಗುತ್ತದೆ, 20 ಲಕ್ಷದ ಎಡವಟ್ಟು ಯಾರ ಗಮನಕ್ಕೂ ಬರುವುದಿಲ್ಲ. ಬದಲಿಯವರೂ ಅದೃಷ್ಟದಿಂದ ಉದುರಿದವರಲ್ಲ. ಪಾಟೀದಾರ್ 2021ರಲ್ಲೇ ಈ ತಂಡದಲ್ಲಿ ಆಡಿದ್ದರು. ಯಾರ ಫೋನಿಗೆ ಕರೆ ಮಾಡಬೇಕೆಂಬುದು ಗಾಯಕ್ಕೆ ಮೊದಲೇ ಗೊತ್ತಿರಬೇಕು, ಅದು ದೇಶೀಯ ಕ್ರಿಕೆಟ್ ನೋಡುವವರಿಗೆ ಮಾತ್ರ ಗೊತ್ತಿರುತ್ತದೆ.

ಹಾಗೆ ನೋಡಲು ಉತ್ತರ ಬೆಂಗಳೂರಿನವರಷ್ಟು ಅನುಕೂಲ ಬೇರೆ ಯಾರಿಗಿದೆ? ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದರೆ ಆಲೂರಿನ ಕೆಎಸ್‌ಸಿಎ ಮೈದಾನಗಳು. ಹೆಬ್ಬಾಳ, ಯಲಹಂಕ ದಾಟಿ ವಿಮಾನ ನಿಲ್ದಾಣದ ಕಡೆ ಹೋದರೆ, 2024ರ ಸೆಪ್ಟೆಂಬರಿನಲ್ಲಿ 40 ಎಕರೆಯಲ್ಲಿ ತೆರೆದ ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್. 2025ರ ಡಿಸೆಂಬರಿನಲ್ಲಿ ವಿರಾಟ್ ಕೊಹ್ಲಿ ಅಲ್ಲಿ ಡೆಲ್ಲಿ ಪರ ವಿಜಯ್ ಹಜಾರೆ ಪಂದ್ಯ ಆಡಿದಾಗ ಪ್ರೇಕ್ಷಕರಿಗೆ ಪ್ರವೇಶವೇ ಇರಲಿಲ್ಲ. ಚಿನ್ನಸ್ವಾಮಿ ಬಳಿ 2025ರ ಜೂನ್ 4ರ ಕಾಲ್ತುಳಿತಕ್ಕೆ 11 ಜೀವ ಹೋದ ಮೇಲೆ ಎಚ್ಚರ ಬೇಕೇ ಬೇಕು. ಆದರೂ ಕೊಹ್ಲಿ ಇಲ್ಲದ ಸಾಧಾರಣ ಪಂದ್ಯಗಳಿಗಾದರೂ ಕೆಲವು ನೂರು ಜನ ಕೂರುವಷ್ಟು ಜಾಗ ಮಾಡಿಕೊಟ್ಟು, ಮಂಡಳಿ ಗೇಟು ತೆರೆಯಲಿ.