ಮೀಟರ್ ಹಲಗೆಯ ಹಿಂದಿನ ನಿಯಮಗಳು

ಮಂಗಳೂರಿನ ಹಳೆಯ ಹೆಂಚಿನ ಮನೆಗಳಲ್ಲಿ ಕರೆಂಟಿನ ಮೀಟರಿಗೆ ಒಂದು ಕಾಯಂ ಜಾಗವಿತ್ತು. ಚಾವಡಿಯ ಗೋಡೆಯಲ್ಲಿ, ಬಾಗಿಲಿಗಿಂತಲೂ ಮೇಲೆ, ಮಾಡಿನ ಅಡಿಯಲ್ಲಿ ಒಂದು ಮರದ ಹಲಗೆ. ಅದರ ಮೇಲೆ ಕಪ್ಪು ಮೀಟರು, ಪಕ್ಕದಲ್ಲಿ ಪಿಂಗಾಣಿಯ ಎರಡು ಫ್ಯೂಸು, ಕೆಳಗೊಂದು ಕಬ್ಬಿಣದ ಮೈನ್ ಸ್ವಿಚ್ಚು. ರೀಡಿಂಗಿಗೆ ಬಂದವರು ಮೊದಲು ಕೇಳುತ್ತಿದ್ದುದು ಕುಡಿಯುವ ನೀರನ್ನಲ್ಲ, ಹತ್ತಿ ನಿಲ್ಲಲು ಒಂದು ಸ್ಟೂಲನ್ನು. ಮಕ್ಕಳ ಕೈಗೆ ಎಟುಕಬಾರದೆಂದು ಹಿರಿಯರು ಅಷ್ಟೆತ್ತರದಲ್ಲಿ ಇರಿಸಿದ್ದು ನಿಜ. ಆದರೆ ಅವಘಡದ ಹೊತ್ತಿನಲ್ಲಿ ಆ ಸ್ವಿಚ್ಚು ದೊಡ್ಡವರ ಕೈಗೂ ಎಟುಕುತ್ತಿರಲಿಲ್ಲ.

ಇಂದು ಬಿಜೈ, ಕದ್ರಿ, ಕಂಕನಾಡಿ, ಅತ್ತಾವರಗಳ ವಸತಿ ಸಮುಚ್ಚಯಗಳಲ್ಲಿ ಮೀಟರುಗಳು ಕೆಳಗಿಳಿದಿವೆ. ನೆಲ ಅಂತಸ್ತಿನ ವಾಹನ ನಿಲುಗಡೆಯ ಪಕ್ಕದಲ್ಲಿ, ಒಂದೇ ಗೋಡೆಗೆ ಸಾಲಾಗಿ ಜೋಡಿಸಿಟ್ಟ ಇಪ್ಪತ್ತು, ಮೂವತ್ತು ಮೀಟರುಗಳು. ಎತ್ತರವೇನೋ ಸರಿಹೋಯಿತು. ಆದರೆ ಅವುಗಳ ಮುಂದೆಯೇ ಕೆಟ್ಟುನಿಂತ ಸ್ಕೂಟರು, ಹಳೆಯ ಪತ್ರಿಕೆಗಳ ಕಟ್ಟು, ಅರ್ಧ ಉಳಿದ ಪೈಂಟಿನ ಡಬ್ಬ. ಮನೆ ಕಟ್ಟಿಸುವಾಗ ದೇವರ ಕೋಣೆಯ ದಿಕ್ಕಿಗೆ ಸಿಗುವ ಗಮನದ ಹತ್ತರಲ್ಲೊಂದು ಪಾಲೂ ಮೀಟರಿನ ಗೋಡೆಗೆ ಸಿಗುವುದಿಲ್ಲ.

ಈ ವಿಷಯದಲ್ಲಿ ನಿಯಮಗಳಿಗೇನೂ ಕೊರತೆಯಿಲ್ಲ. 1910ರ ಭಾರತೀಯ ವಿದ್ಯುಚ್ಛಕ್ತಿ ಅಧಿನಿಯಮ, ಅದರಡಿಯಲ್ಲಿ ಬಂದ 1956ರ ನಿಯಮಗಳು ದಶಕಗಳ ಕಾಲ ನಡೆದುಬಂದವು. ಹಳೆಯ ಅಧಿನಿಯಮದ ಜಾಗಕ್ಕೆ 2003ರ ವಿದ್ಯುಚ್ಛಕ್ತಿ ಕಾಯಿದೆ ಬಂತು. ಅದನ್ನು ಅನುಸರಿಸಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2006ರಲ್ಲಿ ಮೀಟರುಗಳ ಅಳವಡಿಕೆಗೂ, 2010ರಲ್ಲಿ ಸುರಕ್ಷತೆಗೂ ನಿಬಂಧನೆಗಳನ್ನು ಹೊರಡಿಸಿತು. ಸುರಕ್ಷತೆಯ ನಿಬಂಧನೆಗಳು 2023ರಲ್ಲಿ ಮತ್ತೆ ಹೊಸದಾದವು. ಮಂಗಳೂರಿನಲ್ಲಿ ಇವನ್ನು ಜಾರಿಯಲ್ಲಿಡುವ ಹೊಣೆ 2002ರಲ್ಲಿ ಹುಟ್ಟಿದ ಮೆಸ್ಕಾಂನದು. ಅದಕ್ಕೂ ಹಿಂದೆ ಕೆ.ಪಿ.ಟಿ.ಸಿ.ಎಲ್., ಇನ್ನೂ ಹಿಂದೆ ಕೆ.ಇ.ಬಿ. ಇತ್ತು. ಹಿರಿಯರ ಬಾಯಲ್ಲಿ ಇಂದಿಗೂ ಅದು ಕೆ.ಇ.ಬಿ.ಯೇ!

ಯಾರದು ಎಲ್ಲಿಯವರೆಗೆ?

ಮೀಟರೆಂದರೆ ಒಂದು ಗಡಿಕಲ್ಲು ಇದ್ದಂತೆ. ಬೀದಿಯ ಕಂಬದಿಂದ ಬರುವ ಸರ್ವಿಸ್ ವೈರಿನಿಂದ ಹಿಡಿದು ಮೀಟರಿನವರೆಗೆ ಇರುವುದನ್ನು ಸುಸ್ಥಿತಿಯಲ್ಲಿಡುವುದು ವಿದ್ಯುತ್ ಕಂಪೆನಿಯ ಕರ್ತವ್ಯ. ಅಲ್ಲಿಂದ ಮುಂದೆ ಮೈನ್ ಸ್ವಿಚ್ಚು, ಗೋಡೆಯೊಳಗಿನ ವೈರಿಂಗು, ಸ್ನಾನದ ಮನೆಯ ಗೀಸರಿನವರೆಗೆ ಎಲ್ಲವೂ ಮನೆಯವರ ಹೊಣೆ. ಮೀಟರು ಮನೆಯೊಳಗಿದ್ದರೂ ಅದರ ಮೊಹರು ಮಾತ್ರ ಕಂಪೆನಿಯದು. ಗ್ರಾಹಕರು ತಾವೇ ಮೀಟರು ಕೊಂಡುತರಲು ಕಾಯಿದೆಯಲ್ಲಿ ಅವಕಾಶವಿದೆ. ಆದರೂ ಪರೀಕ್ಷಿಸಿ, ಕೂರಿಸಿ, ಮೊಹರು ಹಾಕುವವರು ಕಂಪೆನಿಯವರೇ. ಆ ಮೊಹರನ್ನು ಒಡೆದು ಕೈಯಾಡಿಸಿದರೆ 135ನೆಯ ಕಲಮಿನಂತೆ ವಿದ್ಯುತ್ ಕಳವಿನ ಆಪಾದನೆ ಬರುತ್ತದೆ. ಮೂರು ವರ್ಷಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ.

ಮನೆಯೊಳಗಿನ ವೈರಿಂಗನ್ನು ಮಾಡುವವರು ಯಾರಾಗಿರಬೇಕು? ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಆಗಿರಬೇಕು. ಅವರ ಕೆಲಸವನ್ನು ಪರ್ಮಿಟ್ ಇರುವವರು ನಿಂತು ನೋಡಿಕೊಳ್ಳಬೇಕು. ಸಂಪರ್ಕ ಕೊಡುವ ಮುನ್ನ ವೈರಿಂಗಿನ ನಿರೋಧಕತೆಯನ್ನು 500 ವೋಲ್ಟಿನ ಮೆಗ್ಗರಿನಿಂದ ಅಳೆಯಬೇಕು. ಅದು ಕನಿಷ್ಠ 1 ಮೆಗಾಓಮ್ ಇರಬೇಕೆಂದು 1956ರ ನಿಯಮಗಳೇ ಹೇಳಿದ್ದವು. ವಾಸ್ತವದಲ್ಲಿ ಗುತ್ತಿಗೆದಾರರ ಸಹಿ ಒಬ್ಬರದು, ಕೆಲಸ ಇನ್ನೊಬ್ಬರದು ಎಂಬಂತೆ ನಡೆಯುವುದೂ ಉಂಟು. ಮನೆ ಕಟ್ಟಿಸುವವರು ಆ ಪರೀಕ್ಷೆ ತಮ್ಮ ಕಣ್ಣೆದುರೇ ಆಗಲಿ ಎಂದು ಪಟ್ಟು ಹಿಡಿದರೆ ಖರ್ಚೇನೂ ಹೆಚ್ಚಾಗದು.

ಎರಡು ಫ್ಯೂಸಿನ ಕಥೆ

ಹಳೆಯ ಮನೆಗಳ ಹಲಗೆಯ ಮೇಲಿದ್ದ ಎರಡು ಪಿಂಗಾಣಿ ಫ್ಯೂಸುಗಳತ್ತ ಮತ್ತೊಮ್ಮೆ ನೋಡೋಣ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮನೆಗೆ ಬರುವುದು ಎರಡು ತಂತಿ: ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಫೇಸಿಗೊಂದು, ನ್ಯೂಟ್ರಲಿಗೊಂದು ಫ್ಯೂಸು ಹಾಕಿದರೆ ರಕ್ಷಣೆ ಇಮ್ಮಡಿಯಾದೀತು ಎಂದು ತೋರುವುದು ಸಹಜ. ಆದರೆ ಆಗುವುದು ಅದಕ್ಕೆ ತೀರಾ ವಿರುದ್ಧ. ನ್ಯೂಟ್ರಲಿನ ಫ್ಯೂಸು ಮಾತ್ರ ಸುಟ್ಟುಹೋಯಿತೆನ್ನಿ. ದೀಪ ಆರುತ್ತದೆ, ಫ್ಯಾನು ನಿಲ್ಲುತ್ತದೆ, ಮನೆಯವರು ಕರೆಂಟು ಹೋಯಿತೆಂದು ಭಾವಿಸುತ್ತಾರೆ. ಫೇಸಿನಲ್ಲಿ ಮಾತ್ರ 230 ವೋಲ್ಟು ಹಾಗೆಯೇ ಕಾದು ಕುಳಿತಿರುತ್ತದೆ. ಹೇಗೂ ಕರೆಂಟಿಲ್ಲವಲ್ಲ ಎಂದು ಬಲ್ಬಿನ ಹೋಲ್ಡರಿಗೆ ಕೈಹಾಕಿದವರ ಗತಿ ಏನು? ಈ ಕಾರಣದಿಂದಲೇ ಫ್ಯೂಸು ಫೇಸಿನಲ್ಲಿ ಮಾತ್ರ ಇರಬೇಕು, ನ್ಯೂಟ್ರಲನ್ನು ಕಡಿಯುವುದಾದರೆ ಎರಡನ್ನೂ ಒಟ್ಟಿಗೇ ಕಡಿಯುವ ಜೋಡಿ ಸ್ವಿಚ್ಚಿನಿಂದಲೇ ಕಡಿಯಬೇಕು ಎಂದು ನಿಯಮ ಮಾಡಲಾಯಿತು. ಅಂಥ ಹಲಗೆಗಳು ಹಳೆಯ ಮನೆಗಳಲ್ಲಿ ಇನ್ನೂ ಉಳಿದಿದ್ದರೆ ಅವು ಚಂದಕ್ಕೆ ಇಟ್ಟುಕೊಳ್ಳುವ ಪುರಾತನ ವಸ್ತುಗಳಲ್ಲ. ಈ ಮಳೆಗಾಲಕ್ಕೆ ಮೊದಲೇ ಬದಲಿಸಬೇಕಾದವು.

ಫ್ಯೂಸಿನ ಬದಲಿಗೆ ಈಗ ಎಂ.ಸಿ.ಬಿ. ಬಂದಿದೆ. ಒಳ್ಳೆಯದೇ. ಆದರೆ ಅದು ಕಾಪಾಡುವುದು ವೈರನ್ನು, ಮನುಷ್ಯರನ್ನಲ್ಲ ಎಂಬ ಸಂಗತಿ ಬಹುಮಂದಿಗೆ ಗೊತ್ತಿಲ್ಲ. ಗೀಸರಿಗೆ ಹಾಕುವ ಎಂ.ಸಿ.ಬಿ. 16 ಆಂಪಿಯರಿನದು ಎನ್ನೋಣ. ದೇಹದ ಮೂಲಕ ಹರಿದರೆ ಪ್ರಾಣಕ್ಕೆ ಕುತ್ತು ತರಲು 1 ಆಂಪಿಯರಿನ ನೂರರಲ್ಲಿ ಕೆಲವೇ ಪಾಲು ಸಾಕು. ಅಷ್ಟು ಸಣ್ಣ ಸೋರಿಕೆ ಎಂ.ಸಿ.ಬಿ.ಯ ಗಮನಕ್ಕೇ ಬರುವುದಿಲ್ಲ. ಅದಕ್ಕಾಗಿಯೇ ಇರುವುದು ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಸಾಧನ. ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲಿನಲ್ಲಿ ಅಷ್ಟೇ ಹಿಂದಿರುಗಿತೇ ಎಂದು ಇದು ಸದಾ ತಾಳೆ ನೋಡುತ್ತಿರುತ್ತದೆ. ಮನೆಗಳಲ್ಲಿ ಬಳಸುವ ಬಗೆಯದು 30 ಮಿಲಿಆಂಪಿಯರ್ ವ್ಯತ್ಯಾಸ ಕಂಡೊಡನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲೆ ಪರೀಕ್ಷೆಗೆಂದು ಒಂದು ಗುಂಡಿ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಅದನ್ನು ಒತ್ತಿ, ಸ್ವಿಚ್ಚು ಬೀಳುತ್ತದೆಯೇ ಎಂದು ನೋಡುವ ಕೆಲಸವನ್ನು ಮನೆಯ ಹೈಸ್ಕೂಲು ಮಕ್ಕಳಿಗೇ ವಹಿಸಬಹುದು.

ಉಪ್ಪುಗಾಳಿ, ಮಳೆ, ಮುರಕಲ್ಲು

ದೆಹಲಿಯಲ್ಲಿ ಕುಳಿತು ಬರೆದ ನಿಬಂಧನೆಗಳಿಗೆ ಕರಾವಳಿ ತನ್ನದೇ ಕೆಲವು ಷರತ್ತುಗಳನ್ನು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಗೆ ಗೋಡೆ ನೀರು ಕುಡಿಯುತ್ತದೆ. ಒದ್ದೆ ಗೋಡೆಗೆ ಬಡಿದ ಕಬ್ಬಿಣದ ಪೆಟ್ಟಿಗೆ ಎರಡೇ ವರ್ಷಗಳಲ್ಲಿ ತುಕ್ಕು ಹಿಡಿಯುತ್ತದೆ. ಮಳೆಯ ಎರಚಲು ಬೀಳದ ಗೋಡೆಯನ್ನೇ ಮೀಟರಿಗೆ ಆರಿಸಬೇಕು, ಸರ್ವಿಸ್ ವೈರು ಒಳಬರುವ ಪೈಪಿನ ಬಾಯಿ ಕೆಳಮುಖವಾಗಿ ಬಾಗಿರಬೇಕು. ಇಲ್ಲವಾದರೆ ತಂತಿಯ ಗುಂಟ ಹರಿದುಬಂದ ನೀರು ನೇರವಾಗಿ ಮೀಟರಿನ ಹೊಟ್ಟೆಗೇ ಇಳಿಯುತ್ತದೆ.

ಉಪ್ಪುಗಾಳಿಯದು ಇನ್ನೂ ಗುಪ್ತವಾದ ಕೆಲಸ. ಅಲ್ಯೂಮಿನಿಯಂ ತಂತಿಯೂ ತಾಮ್ರದ ತಂತಿಯೂ ಕೂಡುವ ಜಾಗವನ್ನು ಅದು ಮೆಲ್ಲನೆ ತಿನ್ನುತ್ತದೆ. ಮೂರು ಫೇಸಿನ ಸಂಪರ್ಕವಿರುವ ಕಟ್ಟಡದಲ್ಲಿ ಹೀಗೆ ನ್ಯೂಟ್ರಲಿನ ಜೋಡಣೆ ಬಿಟ್ಟುಹೋದರೆ ವೋಲ್ಟೇಜಿಗೆ ಲಂಗುಲಗಾಮಿಲ್ಲದಂತಾಗುತ್ತದೆ. ಒಂದು ಮನೆಯಲ್ಲಿ ದೀಪ ಮಂಕಾದರೆ ಪಕ್ಕದ ಮನೆಯ ಟಿ.ವಿ., ಫ್ರಿಜ್ಜುಗಳಿಗೆ 300 ವೋಲ್ಟಿಗೂ ಮಿಕ್ಕಿ ನುಗ್ಗಬಹುದು. ದೀಪಗಳು ಕಾರಣವಿಲ್ಲದೆ ಒಮ್ಮೆ ಪ್ರಖರವಾಗಿ ಮತ್ತೊಮ್ಮೆ ಮಂಕಾಗಿ ಉರಿಯತೊಡಗಿದರೆ ಮೊದಲು ಮೈನ್ ಆಫ್ ಮಾಡಿ, ಆಮೇಲೆ 1912ಕ್ಕೆ ಫೋನು ಮಾಡಬೇಕು.

ಅರ್ಥಿಂಗಿನ ವಿಚಾರದಲ್ಲಿ ಇಲ್ಲಿನ ಮುರಕಲ್ಲು ಮಣ್ಣು ಎರಡು ಮುಖ ತೋರಿಸುತ್ತದೆ. ಮಳೆಗಾಲದಲ್ಲಿ ತೇವವಿರುವುದರಿಂದ ಸೋರಿದ ವಿದ್ಯುತ್ತು ಸುಲಭವಾಗಿ ನೆಲ ಸೇರುತ್ತದೆ. ಬೇಸಗೆಯಲ್ಲಿ ಗುಂಡಿ ಒಣಗಿ ರೋಧ ಏರುತ್ತದೆ. ಸಿಡಿಲಿನ ಕಾಟವೋ, ಏಪ್ರಿಲ್, ಮೇ ತಿಂಗಳ ಆ ಒಣಕಾಲದಲ್ಲಿಯೇ! ಗುಂಡಿಗೆ ಇದ್ದಿಲು, ಉಪ್ಪು ತುಂಬಿ, ಮೇಲೊಂದು ಕೊಳವೆ ಬಿಟ್ಟು, ಬೇಸಗೆಯಲ್ಲಿ ಅದಕ್ಕೆ ನೀರೆರೆಯುವ ಪದ್ಧತಿ ಇರುವುದು ಈ ಕಾರಣಕ್ಕೆ. ಅರ್ಥಿಂಗ್ ಗುಂಡಿಯ ಮೇಲೆ ಇಂಟರ್‌ಲಾಕ್ ಕಲ್ಲು ಹಾಸಿ ಅಂಗಳವನ್ನು ಚಂದಗಾಣಿಸಿದವರು ಮುಂದೆ ಅದನ್ನು ಹುಡುಕುವುದೆಲ್ಲಿ?

2018ರ ಮೇ 29ರಂದು ಸುರಿದ ಮಳೆಗೆ ನಗರದ ತಗ್ಗು ಪ್ರದೇಶಗಳಲ್ಲಿ ನೀರು ಮನೆ, ಅಂಗಡಿಗಳಿಗೆ ನುಗ್ಗಿದ್ದು ಅನೇಕರ ನೆನಪಿನಲ್ಲಿರಬಹುದು. ನೆಲಮಾಳಿಗೆಯಲ್ಲಿ ಮೀಟರುಗಳನ್ನೂ ಮುಖ್ಯ ಸ್ವಿಚ್ಚನ್ನೂ ಇರಿಸುವುದು ಎಷ್ಟು ಅವಿವೇಕವೆಂಬುದಕ್ಕೆ ಇಂಥ ಒಂದು ದಿನ ಸಾಕು. ಮುಳುಗಿದ ಸ್ವಿಚ್ಚನ್ನು ಆಫ್ ಮಾಡಲು ಮುಳುಗಿದ ನೆಲದಲ್ಲೇ ನಡೆದುಹೋಗಬೇಕಲ್ಲ!

ಬಹುಮಹಡಿಯವರಿಗೆ

15 ಮೀಟರಿಗಿಂತ ಎತ್ತರದ ಕಟ್ಟಡಗಳಿಗೆ 1956ರ ನಿಯಮಗಳಲ್ಲೇ ಪ್ರತ್ಯೇಕ ಕಟ್ಟುಪಾಡುಗಳಿದ್ದವು, ಮುಂದಿನ ನಿಬಂಧನೆಗಳೂ ಅವನ್ನು ಉಳಿಸಿಕೊಂಡವು. ವಿದ್ಯುತ್ ಪರಿವೀಕ್ಷಕರಿಗೆ ಮೊದಲೇ ತಿಳಿಸಬೇಕು. ವಿದ್ಯುತ್ತು ಕಟ್ಟಡವನ್ನು ಪ್ರವೇಶಿಸುವಲ್ಲಿಯೇ ಇಡೀ ಕಟ್ಟಡದ ಸಂಪರ್ಕ ಕಡಿಯುವ ಸಾಧನ ಇರಬೇಕು. ಪಾಂಡೇಶ್ವರದಿಂದಲೋ ಕದ್ರಿಯಿಂದಲೋ ಅಗ್ನಿಶಾಮಕ ವಾಹನ ಬಂದಾಗ ಸಿಬ್ಬಂದಿ ಮೊದಲು ಕೇಳುವುದು ಅದನ್ನೇ. ಕೇಬಲು ಮೇಲೇರುವ ಕೊಳವೆಮಾರ್ಗದಲ್ಲಿ ನೀರಿನ ಪೈಪಾಗಲಿ ಬೇರೇನಾಗಲಿ ಹೋಗಕೂಡದು. ಆ ಮಾರ್ಗವು ಪ್ರತಿ ಮಹಡಿಯನ್ನು ದಾಟುವಲ್ಲಿ ಬೆಂಕಿ ತಡೆಯುವ ಅಡ್ಡಗಟ್ಟು ಇರಬೇಕು. ಅದಿಲ್ಲವಾದರೆ ಕೆಳಗೆ ಹೊತ್ತಿದ ಬೆಂಕಿಗೆ ಅದೊಂದು ಹೊಗೆಗೊಳವೆಯೇ ಆದೀತು. ಫ್ಲ್ಯಾಟು ಕೊಳ್ಳುವವರು ಅಡುಗೆಮನೆಯ ಗ್ರಾನೈಟಿನ ಬಣ್ಣ ಕೇಳುತ್ತಾರೆ. ಈ ಅಡ್ಡಗಟ್ಟಿನ ಬಗ್ಗೆ ಕೇಳಿದವರು ವಿರಳ.

ಓದಿಗಾಗಿ ಮಂಗಳೂರಿಗೆ ಬಂದು ಬಾಡಿಗೆ ಕೋಣೆ ಹಿಡಿಯುವ ವಿದ್ಯಾರ್ಥಿಗಳ ಹೆತ್ತವರೂ ಮೀಟರಿನ ಕಡೆಗೊಮ್ಮೆ ಕಣ್ಣು ಹಾಯಿಸುವುದು ಒಳಿತು. ಕೋಣೆಗೆ ಸ್ವಂತ ಆರ್.ಆರ್. ನಂಬರು ಇದೆಯೇ, ಇಲ್ಲವೆ ಮನೆಯೊಡೆಯರು ಹಾಕಿಸಿದ ಸಬ್‌ಮೀಟರೇ? ಸಬ್‌ಮೀಟರಿನ ಲೆಕ್ಕ ಮೆಸ್ಕಾಂನ ಪುಸ್ತಕದಲ್ಲಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸಿತಾದರೂ, ಅದರ ನೋಂದಣಿ ಸಂಪರ್ಕದ ಖಾತೆಗೇ ಹೊರತು ಸಬ್‌ಮೀಟರಿಗಲ್ಲ. ಒಂದೇ ಕೋಣೆಯಲ್ಲಿ ನಾಲ್ವರ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲು ಎಲ್ಲವೂ ಒಂದೇ ಪ್ಲಗ್ಗಿಗೆ ಜೋತುಬಿದ್ದಿದ್ದರಂತೂ ಬಿಲ್ಲಿಗಿಂತ ಮೊದಲು ಕೇಳಬೇಕಾದದ್ದು ಆರ್.ಸಿ.ಸಿ.ಬಿ. ಇದೆಯೇ ಎಂಬುದನ್ನು.

ಮಿನುಗುವ ದೀಪದ ಲೆಕ್ಕ

ಹಳೆಯ ಮೀಟರಿನ ತಿರುಗುವ ತಟ್ಟೆ ಈಗ ಮರೆಯಾಗಿದೆ. 2006ರ ನಿಬಂಧನೆಯಂತೆ ಹೊಸ ಮೀಟರುಗಳೆಲ್ಲ ಎಲೆಕ್ಟ್ರಾನಿಕ್. ಅವುಗಳ ಮುಖದಲ್ಲೊಂದು ಸಣ್ಣ ಕೆಂಪು ದೀಪ ಮಿನುಗುತ್ತದೆ; ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದು 3200 ಎಂದಿದ್ದರೆ, 2000 ವ್ಯಾಟಿನ ಗೀಸರೊಂದೇ ಉರಿಯುವಾಗ ನಿಮಿಷಕ್ಕೆ ಸುಮಾರು 107 ಸಲ ಮಿನುಗಬೇಕು. 60 ವ್ಯಾಟಿನ ಫ್ಯಾನೊಂದೇ ಇದ್ದರೆ ಮೂರು ಸಲ. ಗಡಿಯಾರ ಹಿಡಿದು ಎಣಿಸಿದರೆ ಮನೆಯಲ್ಲೇ ಒಂದು ಪ್ರಯೋಗವಾಯಿತು. ಮೈನ್ ಸ್ವಿಚ್ಚು ಆಫ್ ಮಾಡಿದ ಮೇಲೂ ಅದು ಮಿನುಗುತ್ತಲೇ ಇದ್ದರೆ ದೂರು ಕೊಡಲು ಕಾರಣವಿದೆ. ಕೆಲವು ಮೀಟರುಗಳಲ್ಲಿ ಅರ್ಥ್ ಸೋರಿಕೆ ಸೂಚಿಸುವ ಇನ್ನೊಂದು ದೀಪವಿರುತ್ತದೆ. ಅದು ಉರಿಯುತ್ತಿದ್ದರೆ ಒದ್ದೆ ಗೋಡೆಯಲ್ಲೆಲ್ಲೋ ವಿದ್ಯುತ್ತು ಸೋರುತ್ತಿರಬಹುದು, ಇಲ್ಲವೆ ಎರಡು ಮೀಟರುಗಳ ನ್ಯೂಟ್ರಲುಗಳು ಒಳಗೊಳಗೇ ಕೂಡಿಕೊಂಡಿರಬಹುದು. ಎಲೆಕ್ಟ್ರಿಷಿಯನ್‌ರನ್ನು ಕರೆಸಲು ಅಷ್ಟು ಸಾಕು.

ರೀಡಿಂಗಿನ ಬಗ್ಗೆಯೇ ಸಂಶಯವಿದ್ದರೆ? ಗ್ರಾಹಕರ ಹಕ್ಕುಗಳ ಕುರಿತಾದ 2020ರ ಕೇಂದ್ರ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿ ಇಲ್ಲಿ ಉಪಯುಕ್ತ. ದೂರು ಕೊಟ್ಟ ಐದು ದಿನಗಳೊಳಗೆ ಕಂಪೆನಿ ಇನ್ನೊಂದು ಮೀಟರನ್ನು ಜೊತೆಗೆ ಕೂರಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಮಾರ್ಗ ವಿಸ್ತರಣೆ ಬೇಕಿಲ್ಲದ ಹೊಸ ಸಂಪರ್ಕವನ್ನು ಮಂಗಳೂರಿನಂಥ ನಗರದಲ್ಲಿ ಏಳು ದಿನಗಳೊಳಗೆ ಕೊಡಬೇಕೆಂದೂ ಅದೇ ತಿದ್ದುಪಡಿ ಹೇಳುತ್ತದೆ. ಆದರೆ ಕಾಗದಪತ್ರಗಳೆಲ್ಲ ಸರಿಯಿದ್ದರೆ ಮಾತ್ರ ಆ ಏಳು ದಿನ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು ಕೊಡಕೂಡದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ ರಾಜ್ಯದಲ್ಲಿ ಅನೇಕ ಹೊಸ ಮನೆಗಳು ಮೀಟರಿಗಾಗಿ ಕಾಯಬೇಕಾಯಿತು. ನಕ್ಷೆ ಮೀರಿ ಕಟ್ಟಿದ ಒಂದು ಕೋಣೆಗಾಗಿ ಇಡೀ ಮನೆ ಕತ್ತಲಲ್ಲಿ ಕೂರುವಂತಾಗಬಾರದೆಂದರೆ, ಮೀಟರಿನ ವಿಚಾರವನ್ನು ತಳಪಾಯ ತೋಡುವ ಮೊದಲೇ ಸೆಕ್ಷನ್ ಆಫೀಸಿನಲ್ಲಿ ಕೇಳಿಕೊಂಡು ಬರಬೇಕು.