‘ಶಾಂಪೂ’ ಎಂಬ ಕ್ರಿಯಾಪದ

ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಹಳೆಯ ಇಂಗ್ಲಿಷ್ ಪ್ರವಾಸಕಥನವೊಂದರ ಭಾಗವನ್ನು ಓದಿಸುತ್ತಿದ್ದೆವು. ದಣಿದು ಬಂದ ದೊರೆಯ ಕೈಕಾಲುಗಳನ್ನು ಸೇವಕನು ‘ಶಾಂಪೂ’ ಮಾಡಿದನೆಂದು ಅಲ್ಲಿತ್ತು. ತರಗತಿಯೆಲ್ಲ ನಕ್ಕಿತು. “ಕಾಲಿಗೆ ಯಾರಾದರೂ ಶಾಂಪೂ ಹಚ್ಚುತ್ತಾರೆಯೇ ಸರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅಚ್ಚಿನ ತಪ್ಪಿರಬೇಕೆಂದು ಮತ್ತೊಬ್ಬನ ತೀರ್ಪು. ಆಗ ನಾವು ಹೇಳಿದ ಮಾತನ್ನು, ಮನೆಯ ಹಿರಿಯರೂ ಓದಲೆಂದು, ಇಲ್ಲಿ ಸ್ವಲ್ಪ ವಿಸ್ತರಿಸಿದ್ದೇವೆ.

ತಪ್ಪು ಪುಸ್ತಕದ್ದಲ್ಲ. ಈ ಪದವು ಇಂಗ್ಲಿಷ್ ಬರಹದಲ್ಲಿ 1762ರಷ್ಟು ಹಿಂದೆಯೇ ದೊರೆಯುತ್ತದೆ. ಆಗ ಅದಕ್ಕೆ ಮೈಯನ್ನು ಒತ್ತು, ನಾದು, ನೀವು ಎಂದಷ್ಟೇ ಅರ್ಥ. ಕೂದಲಿಗೂ ನೊರೆಗೂ ಸಂಬಂಧವೇ ಇರಲಿಲ್ಲ. ಮೂಲವು ಹಿಂದಿಯ ‘ಚಾಂಪ್‌ನಾ’ ಧಾತು. ‘ಚಾಂಪೋ’ ಎಂದರೆ ‘ಒತ್ತು’ ಎಂಬ ಆಜ್ಞೆ. ಆಂಗ್ಲರ ಕಿವಿಗೆ ಬಿದ್ದದ್ದು ಈ ಆಜ್ಞೆಯೇ. ಅದನ್ನೇ ಧಾತುವೆಂದು ಬಗೆದು ತಮ್ಮ ಪ್ರತ್ಯಯಗಳನ್ನು ಅಂಟಿಸಿಕೊಂಡರು. ಕನ್ನಡದಲ್ಲಿ ‘ಒತ್ತು’ ಎಂಬುದು ಧಾತುವೂ ಹೌದು, ಆಜ್ಞೆಯೂ ಹೌದು. ನಮ್ಮವರಿಂದ ಕಲಿತಿದ್ದರೆ ಅವರು ಎಡವುತ್ತಿರಲಿಲ್ಲ. ‘ಒತ್ತಿರಿ’ ಎಂದು ಮರ್ಯಾದೆಯಿಂದ ಹೇಳಿಕೊಟ್ಟಿದ್ದರೆ ಮಾತ್ರ ಆ ‘ಇರಿ’ಯೂ ಹಡಗು ಹತ್ತುತ್ತಿತ್ತು!

ಈ ಪದವನ್ನು ಇಂಗ್ಲೆಂಡಿನಲ್ಲಿ ಮನೆಮಾತಾಗಿಸಿದವನು ಶೇಖ್ ದೀನ್ ಮಹಮ್ಮದ್. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿದ ಈತ, 1784ರಲ್ಲಿ ಐರ್ಲೆಂಡಿಗೆ ಹೋದನು. ಅಲ್ಲಿ 1794ರಲ್ಲಿ ತನ್ನ ಪ್ರವಾಸಕಥನವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಅಚ್ಚು ಹಾಕಿಸಿದ ಮೊದಲ ಭಾರತೀಯನೆಂಬ ಹೆಸರು ಈತನದು. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಅಡುಗೆಯ ಭೋಜನಶಾಲೆಯನ್ನು ತೆರೆದು ದಿವಾಳಿಯಾದನು. ಎದೆಗುಂದದೆ ಬ್ರೈಟನ್ ಎಂಬ ಕಡಲತಡಿಯ ಊರಿಗೆ ನಡೆದು ಸ್ನಾನಗೃಹವನ್ನು ಸ್ಥಾಪಿಸಿದನು. ಮೂಲಿಕೆಗಳ ಹಬೆಯಲ್ಲಿ ಕುಳ್ಳಿರಿಸಿ ಬೆವರಿಳಿಸುವುದು, ಬಳಿಕ ಮೈಕೈ ನಾದುವುದು – ಇದೇ ಅವನ ‘ಶಾಂಪೂಯಿಂಗ್’. ಕೀಲುನೋವಿನ ಶ್ರೀಮಂತರು ಮುಗಿಬಿದ್ದರು. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ ಅರಸರ ಸೇವೆಗೂ ಅವನಿಗೆ ನೇಮಕವಾಯಿತು. 1822ರಲ್ಲಿ ಈ ವಿದ್ಯೆಯ ಮೇಲೊಂದು ಪುಸ್ತಕವನ್ನೂ ಬರೆದನು. ಅವನು ತೀರಿಕೊಂಡದ್ದು 1851ರಲ್ಲಿ.

19ನೆಯ ಶತಮಾನದ ನಡುವಿನಲ್ಲಿ ಕ್ಷೌರಿಕರು ಸಾಬೂನು ಹಾಕಿ ತಲೆ ತಿಕ್ಕುವ ಕೆಲಸಕ್ಕೆ ಈ ಪದವನ್ನು ಬಳಸತೊಡಗಿದರು. ಮೈ ನಾದುವುದಕ್ಕೆ ಫ್ರೆಂಚಿನ ‘ಮಸಾಜ್’ ಬಂದು ಕುಳಿತಿತು. ಹಳೆಯ ಅರ್ಥ ಮರೆಯಾಯಿತು. ಮುಂದೆ ಕ್ರಿಯೆಯ ಹೆಸರು ವಸ್ತುವಿಗೂ ಅಂಟಿತು. 1903ರಲ್ಲಿ ಬರ್ಲಿನ್ನಿನ ಹಾನ್ಸ್ ಶ್ವಾರ್ಟ್ಸ್‌ಕೋಫ್ ಎಂಬವನು ಶಾಂಪೂ ಪುಡಿಯನ್ನು ಮಾರಾಟಕ್ಕೆ ತಂದನು. ಎಣ್ಣೆ ತಿಕ್ಕಿ, ಸೀಗೆಪುಡಿಯಿಂದಲೋ ದಾಸವಾಳದ ಎಲೆಯ ಲೋಳೆಯಿಂದಲೋ ತಲೆ ತೊಳೆಯುವ ನಮ್ಮ ಮನೆಗಳಲ್ಲಿ ತಿಕ್ಕುವುದೂ ತೊಳೆಯುವುದೂ ಒಂದೇ ಅಭ್ಯಂಜನದ ಭಾಗಗಳಾದ್ದರಿಂದ, ಈ ಅರ್ಥಾಂತರ ನಮಗೆ ವಿಚಿತ್ರವೆನಿಸದು.

ನಮ್ಮ ಮಕ್ಕಳು ಇಂಗ್ಲಿಷ್ ನಿಘಂಟನ್ನು ಅಂಜುತ್ತಲೇ ತೆರೆಯುತ್ತಾರೆ. ಕನ್ನಡ ಮಾಧ್ಯಮದವರಿಗೆ ಅದು ಪರರ ಮನೆಯೆಂದು ಕೆಲವು ಪೋಷಕರೂ ನಮ್ಮೊಡನೆ ಹೇಳಿದ್ದುಂಟು. ಕಾಸರಗೋಡಿನ ಅಂಗಳದಲ್ಲಿ ಒಣಗುವ ಕೊಬ್ಬರಿಗೆ ಇಂಗ್ಲಿಷಿನವರು ಹೇಳುವ ‘ಕಾಪ್ರಾ’, ತೆಂಗಿನ ನಾರಿಗೆ ಹೇಳುವ ‘ಕಾಯರ್’, ಇವೆರಡೂ ನೆರೆಯ ಮಲೆಯಾಳದ ಕೊಪ್ಪರ, ಕಯರ್‌ಗಳೇ ಎಂದು ಅವರಿಗೆ ತಿಳಿಸಿದ್ದೇವೆ.

ಪ್ರಶ್ನೆ ಕೇಳಿದ ಹುಡುಗಿ ಮರುದಿನ ಆ ವಾಕ್ಯವನ್ನು ಕನ್ನಡಿಸಿ ತಂದಳು: “ಸೇವಕನು ದೊರೆಯ ಕೈಕಾಲು ಒತ್ತಿದನು.” ಪೂರ್ಣ ಅಂಕ ಕೊಟ್ಟೆವು.